ದೇಸೂರ ಭಾವು

ಅಂಗಡಿಯಲ್ಲಿ ಯಾವ ಮೌಸ್ ಕೈಗೆ ಕೊಟ್ಟರೂ ಅವಳು ಅದನ್ನು ಮೊದಲು ಕಂಪ್ಯೂಟರಿಗೆ ಹಚ್ಚಿ ನೋಡುತ್ತಿರಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿ ತೂಗಿ ನೋಡುವವರ ಹಾಗೆ ಕೈಯನ್ನು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ, "ಇದರದು ಹಿಂದ ಭಾರ, ಮೂತಿ ಹಗುರ. ಬ್ಯಾಡ್ರಿ," ಎಂದು ತಿರುಗಿ ಕೊಡುತ್ತಿದ್ದಳು. ಅಂಗಡಿಯವನು ನನ್ನ ಮುಖ ನೋಡುತ್ತಿದ್ದ. ನಾನು ಗೋಡೆ ನೋಡುತ್ತಿದ್ದೆ. ನಾನು ಕನ್ನಡ ಪಾಠ ಮಾಡುವವಳು. ಮೌಸಿಗೆ ಹಿಂದು ಮುಂದು ಇರುತ್ತದೆ ಎಂಬುದೇ ನನಗೆ ಹೊಸ ಸುದ್ದಿ.

ಈ ಸಲದ ಮಳೆಗಾಲದಲ್ಲಿ ಅವಳು ಖಾನಾಪುರದಲ್ಲಿ ತೀರಿಕೊಂಡಳು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಎದ್ದು ನಿಂತು ಮೌನ ಆಚರಿಸಿದೆವು. ಅವಳು ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದರಿಂದ ನಿಂತವರಲ್ಲಿ ಅರ್ಧದಷ್ಟು ಜನ ಅವಳನ್ನು ನೋಡಿದವರೇ ಅಲ್ಲ. ಕುಳಿತ ಮೇಲೆ ಹೊಸದಾಗಿ ಬಂದ ಹುಡುಗಿಯೊಬ್ಬಳು, "ಯಾರ್ರಿ ಅವರು?" ಎಂದು ಪಿಸುಗುಟ್ಟಿದಳು. ಬಾಜು ಕುಳಿತಿದ್ದ ಗಣಿತದ ಸರ್, "ಕಂಪ್ಯೂಟರ್ ಸೈನ್ಸಿನವರು. ಅರ್ಧ ಬೋರ್ಡ್ ಮೇಡಂ ಅಂತಿದ್ರು ಹುಡುಗ್ರು," ಎಂದರು. ಅಷ್ಟಕ್ಕೇ ಮಾತು ಮುಗಿದು ಪರೀಕ್ಷೆಯ ವಿಷಯ ಬಂತು.

ನಾನು ಇದನ್ನು ಬರೆಯಲು ಕುಳಿತದ್ದು ಆ ಮಾತಿನಿಂದ.

ಅವಳು ಬೆಳಗಾವಿಯ ನಮ್ಮ ಪಿಯು ಕಾಲೇಜಿಗೆ ಬಂದಾಗ ಇನ್ನೂ ಮೂವತ್ತು ದಾಟಿರಲಿಲ್ಲ. ಎತ್ತರದ ಆಳು, ಉದ್ದನೆಯ ಕೈಗಳು. ಖಾನಾಪುರದವಳು, ಅಪ್ಪನದು ಅಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣ ನಡೆಸುತ್ತಿದ್ದ. ಚಿಕ್ಕಂದಿನಲ್ಲಿ ಅಂಗಡಿಯ ದುಡ್ಡಿನ ಗಲ್ಲೆಯ ಪಕ್ಕ ಕುಳಿತು ಮೊಳೆ ತೂಗಿ ಕೊಡುತ್ತಿದ್ದಳಂತೆ. "ತಕ್ಕಡಿಗೆ ಹಾಕೂಕಿಂತ ಮೊದಲ ಕೈಯಾಗ ಹಿಡದು ಇಷ್ಟು ಅದ ಅಂತ ಹೇಳ್ತಿದ್ದೆ. ಅಪ್ಪಾಜಿ ಗಿರಾಕಿಗೆ ತೋರಿಸಿ ತೋರಿಸಿ ನಗ್ತಿದ್ದ," ಎಂದು ಒಮ್ಮೆ ಹೇಳಿದ್ದಳು. ಅವಳು ತನ್ನ ಬಾಲ್ಯದ ಬಗ್ಗೆ ಹೇಳಿದ್ದು ಅದೊಂದೇ. ಹೆಚ್ಚು ಮಾತಿನವಳಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಪಲ್ಯ ಹಂಚಿಕೊಳ್ಳುವಾಗ ಅವಳು ಲ್ಯಾಬಿನಲ್ಲಿ ಒಬ್ಬಳೇ ಕುಳಿತು ಉಣ್ಣುತ್ತಿದ್ದಳು. ಸೊಕ್ಕು ಎಂದರು ಕೆಲವರು. ಸೊಕ್ಕಾಗಿರಲಿಲ್ಲ. ಮಂದಿಯ ನಡುವೆ ಎಲ್ಲಿ ಮಾತು ಶುರು ಮಾಡಬೇಕು, ಎಲ್ಲಿ ಬಿಡಬೇಕು ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ.

ನಮ್ಮ ಪರಿಚಯವಾದದ್ದು ಪ್ರಶ್ನೆಪತ್ರಿಕೆಯಿಂದ. ಕನ್ನಡ ಪತ್ರಿಕೆಯನ್ನು ನಾವೇ ಟೈಪ್ ಮಾಡಬೇಕೆಂದು ಆದೇಶ ಬಂತು. ಲ್ಯಾಬಿನಲ್ಲಿ ಕುಳಿತು ನಾನು ಒದ್ದಾಡುತ್ತಿದ್ದೆ. ಪರದೆಯ ಮೇಲಿನ ಬಾಣ ನನ್ನ ಕೈಗೆ ಸಿಗುತ್ತಿರಲಿಲ್ಲ. ಒಂದು ಅಕ್ಷರದ ಹತ್ತಿರ ಒಯ್ದರೆ ಅದು ಪುಟದಾಚೆ ಹಾರುತ್ತಿತ್ತು. ಅವಳು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಸಹಾಯ ಬೇಕೇ ಎಂದು ಕೇಳಲಿಲ್ಲ.

"ಅಕ್ಕಾರ, ತಪ್ಪು ನಿಮ್ಮದಲ್ಲ. ನಿಮ್ಮದು ಒತ್ತಿ ಹಿಡಿಯೂ ಕೈ. ಇದಕ್ಕ ಇಷ್ಟು ಓಟ ಇಟ್ಟಾರ. ಒಂದರೊಳಗೊಂದು ಕೂಡೂದಿಲ್ಲ."

ನನ್ನ ಭುಜದ ಮೇಲಿಂದ ಕೈ ಚಾಚಿ ಎಲ್ಲೋ ಏನೋ ಬದಲಿಸಿದಳು. "ಈಗ ನೋಡ್ರಿ." ನೋಡಿದೆ. ಬಾಣ ನಾನು ಹೇಳಿದಲ್ಲಿಗೆ ಬಂದು ನಾನು ಹೇಳಿದಲ್ಲಿ ನಿಂತಿತು. ಅದೇ ಮೌಸು, ಅದೇ ಮೇಜು. ಕೆಲಸ ಬರುವುದಿಲ್ಲವೆಂದು ಇಷ್ಟು ದಿನ ನನ್ನನ್ನು ನಾನೇ ಬೈದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನ ಕೈ ನೋಡಿ ಅದಕ್ಕೆ ತಕ್ಕ ಹಾಗೆ ಲೋಕವನ್ನು ಒಂದಿಷ್ಟು ಸಡಿಲಿಸಿದ್ದರು. ಅಂದಿನಿಂದ ನಾನು ಡಬ್ಬಿ ತೆಗೆದುಕೊಂಡು ಲ್ಯಾಬಿಗೆ ಹೋಗತೊಡಗಿದೆ. ಸಂಜೆ ಮನೆಯಲ್ಲಿ ನನಗೂ ಕಾಯುವವರು ಇರಲಿಲ್ಲ.

ಅವಳದು ವಡಗಾವಿಯಲ್ಲಿ ಬಾಡಿಗೆ ಕೋಣೆ, ನೇಕಾರರ ಮನೆಯ ಅಟ್ಟದ ಮೇಲೆ. ಕೆಳಗೆ ಪವರ್‌ಲೂಮು ಖಟಖಟ ಎನ್ನುತ್ತಿತ್ತು. ಏಣಿಯಂಥ ಕಟ್ಟಿಗೆಯ ಮೆಟ್ಟಿಲು, ಹಿಡಿದು ಹತ್ತಲು ಮೇಲಿಂದ ಇಳಿಬಿಟ್ಟ ಹಗ್ಗ. ಮೊದಲ ಸಲ ಹೋದಾಗ ನನಗೆ ಆಶ್ಚರ್ಯವಾದದ್ದು ಮೇಜು ನೋಡಿ. ಮಲಗುವ ಮಂಚ ಗೋಡೆಗೆ ಒತ್ತಿ ಮೂಲೆಯಲ್ಲಿತ್ತು. ಕೋಣೆಯ ನಡುವೆ ಮದುವೆಯ ಪಂಕ್ತಿಯಲ್ಲಿ ಹಾಕುವಂಥ ದೊಡ್ಡ ಮೇಜು, ಅದರ ಮೇಲೆ ಅರ್ಧಕ್ಕೆ ಹಾಸಿದ ಕರಿಯ ಬಟ್ಟೆಯ ಪ್ಯಾಡು, ಅದರ ಮೇಲೊಂದು ಮೌಸು. ಎತ್ತಿದೆ. ಸಣ್ಣ ಕಲ್ಲುಗುಂಡಿನಷ್ಟು ಭಾರ.

"ಹೊಟ್ಟಿಯೊಳಗ ತೂಕ ಹಾಕೀನಿ ಅಕ್ಕಾರ," ಎಂದು ಅದನ್ನು ಮಗುಚಿ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಸಾಲಾಗಿ ಕುಳಿತ ಲೋಹದ ಸಣ್ಣ ಬಿಲ್ಲೆಗಳು.

"ಭಾರ ಯಾಕ ಬೇಕವಾ?"

"ಭಾರ ಇದ್ರ ಕೈ ಅವಸರ ಮಾಡೂದಿಲ್ಲ."

ಅವಳು ಆಡುತ್ತಿದ್ದದ್ದು ಗುಂಡು ಹೊಡೆಯುವ ಆಟ. ಇತ್ತ ಐದು ಮಂದಿ, ಅತ್ತ ಐದು ಮಂದಿ, ನಡುವೆ ಹಾಳುಬಿದ್ದ ಊರು. ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ ಕುಳಿತು ಇಂಟರ್‌ನೆಟ್ಟಿನ ಮೂಲಕ ಒಂದೇ ಆಟದಲ್ಲಿ ಸೇರುತ್ತಾರೆ. ಮೌಸು ಒಂದು ಗೇಣು ಸರಿದರೆ ಪರದೆಯ ಮೇಲಿನ ಗುರಿ ಎಷ್ಟು ಸರಿಯಬೇಕು ಎಂಬುದನ್ನು ಅವರವರೇ ಇಟ್ಟುಕೊಳ್ಳಬಹುದು. ಅದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಅವಳದು ತೀರಾ ಕಡಿಮೆ. ಆಟದೊಳಗೆ ಒಮ್ಮೆ ಹಿಂದಿರುಗಿ ನೋಡಬೇಕಾದರೆ ಮೌಸನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಭುಜದಿಂದ ಬೆರಳಿನವರೆಗೆ ಇಡೀ ತೋಳು ಹರಿದಾಡುತ್ತಿತ್ತು. ನೋಡಿದರೆ ಆಟವಾಡುತ್ತಿದ್ದಾಳೆ ಎನಿಸುತ್ತಿರಲಿಲ್ಲ. ದೊಡ್ಡ ಪರಾತದಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ ಎನಿಸುತ್ತಿತ್ತು. ಆ ಉದ್ದನೆಯ ಕೈಗಳು ಚೆಂದ ಕಾಣುತ್ತಿದ್ದುದು ಆಗ.

"ನಿನ್ನಂಥಾಕಿಗೆ ಈ ಹೊಡೆದಾಟ ಯಾಕ ಬೇಕ?" ಎಂದೆ.

"ಹೊಡಿಯೂದು ನನಗೇನ ಬೇಕಾಗಿಲ್ಲರಿ. ನಿಲ್ಲಿಸೂದು ಬೇಕು. ಓಡೂದನ್ನ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಿಸಿದ್ರ ಎದಿಯೊಳಗ ಒಂಥರಾ ತಣ್ಣಗಾಗ್ತದ."

ಕರೆಂಟು ಹೋದರೆ ಕೆಳಗೆ ಮಗ್ಗ ನಿಲ್ಲುತ್ತಿತ್ತು, ಮೇಲೆ ಅವಳ ಆಟ ನಿಲ್ಲುತ್ತಿತ್ತು. ಆಗ ಸ್ಟೋವ್ ಹಚ್ಚಿ ಚಹಾ ಮಾಡುತ್ತಿದ್ದಳು. ಹೆಚ್ಚು ರವಿವಾರಗಳು ನಾವು ಹೀಗೇ ಕಳೆದೆವು. ಅವಳು ಆಡುವುದು, ನಾನು ಮಂಚದ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುವುದು.

ಆಟದಲ್ಲಿ ಅವಳ ಹೆಸರು ದೇಸೂರ. ಬೆಳಗಾವಿಗೂ ಖಾನಾಪುರಕ್ಕೂ ನಡುವಿನ ಸಣ್ಣ ಸ್ಟೇಶನ್ನು ಅದು. "ಊರಿಗೆ ಹೋಗೂ ಗಾಡಿ ಯಾವತ್ತೂ ಅಲ್ಲೇ ನಿಲ್ತದ್ರಿ, ಎದುರಿನ ಗಾಡಿಗೆ ದಾರಿ ಬಿಡಾಕ. ನನಗ ಹೆಸರು ಬ್ಯಾರೆ ಏನೂ ಹೊಳೀಲಿಲ್ಲ," ಎಂದಿದ್ದಳು. ಜೊತೆಗೆ ಆಡುವವರು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬ ಮಾತ್ರ ಉಳಿದ. ಸೊಲ್ಲಾಪುರದವನು, ಹೈದರಾಬಾದಿನಲ್ಲಿ ಕೆಲಸ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಿಂದ ಅವನ ದನಿ ಸೋರಿ ನನಗೂ ಕೇಳುತ್ತಿತ್ತು: "ದೇಸೂರ ಭಾವು, ಎಡಕ್ಕ! ಎಡಕ್ಕ ನೋಡು!" ಮರಾಠಿಯಲ್ಲಿ ಭಾವು ಎಂದರೆ ಅಣ್ಣ. ಅವನು ಅವಳನ್ನು ಗಂಡಸೆಂದೇ ತಿಳಿದಿದ್ದ. ಇವಳು ಮೈಕು ಹಾಕುತ್ತಿರಲಿಲ್ಲ. ಹೇಳುವುದಿದ್ದರೆ ಎರಡು ಶಬ್ದ ಟೈಪ್ ಮಾಡುತ್ತಿದ್ದಳು.

"ಹೆಣ್ಣು ಅಂತ ಹೇಳಿದ್ರ ಏನಾಗ್ತದ?"

"ಒಮ್ಮೆ ಮಾತಾಡಿದ್ದೆ ಅಕ್ಕಾರ, ಮೊದಲು ಮೊದಲು. ಎಂಥೆಂಥಾ ಮಾತು ಅಂದ್ರು. ಅಂದಿನಿಂದ ಬಾಯಿ ಮುಚ್ಚೀನಿ. ಈಗ ಭಾವು ಅಂದ್ರ ಭಾವು. ಆರಾಮ ಅದ."

ಅವಳ ರೋಗ ಮೊದಲು ಕಂಡದ್ದು ಬೋರ್ಡಿನ ಮೇಲೆ. ಬರೆಯುತ್ತ ಬರೆಯುತ್ತ ಕೈ ಮೇಲಕ್ಕೆ ಎತ್ತುವುದು ನಿಂತಿತು. ಎತ್ತರದ ಆಳು, ಆದರೂ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದಳು. ಹಿಂದಿನ ಬೆಂಚಿನವರಿಗೆ ಕಾಣುತ್ತಿರಲಿಲ್ಲ. ಹುಡುಗರು ಅರ್ಧ ಬೋರ್ಡ್ ಮೇಡಂ ಎಂದರು. ಪ್ರಿನ್ಸಿಪಾಲರು ಕರೆದು, ಸ್ವಲ್ಪ ಉತ್ಸಾಹ ತೋರಿಸಬೇಕೆಂದು ಬುದ್ಧಿ ಹೇಳಿದರು. ಅವಳು ತಲೆಯಾಡಿಸಿ ಬಂದಳು. ಆಮೇಲೆ ಒಂದು ದಿನ ವಡಗಾವಿಯ ಮೆಟ್ಟಿಲ ಮೇಲೆ ಕಾಲು ಎತ್ತಲಾಗದೆ ಕುಸಿದು ಕುಳಿತಳು. ಹುಬ್ಬಳ್ಳಿಯ ಡಾಕ್ಟರು ನೋಡಿ ಹೇಳಿದರು: ಸ್ನಾಯು ಸವೆಯುವ ಕಾಯಿಲೆ, ಹುಟ್ಟಿನಿಂದಲೇ ರಕ್ತದಲ್ಲಿ ಬಂದದ್ದು. ಮೊದಲು ಸೊಂಟ ಮತ್ತು ಭುಜ, ಆಮೇಲೆ ಕೆಳಗಿಳಿಯುತ್ತದೆ. ಔಷಧವಿಲ್ಲ. ನಿಧಾನವಾಗಿ ಹೋಗುತ್ತದೆ.

ಆಗಷ್ಟೇ ಧಾರವಾಡದ ಕಡೆಯ ಒಂದು ಮದುವೆಯ ಸಂಬಂಧ ನಿಶ್ಚಯವಾಗಿತ್ತು. ಅವಳೇ ಆ ಹುಡುಗನಿಗೆ ಫೋನ್ ಮಾಡಿ ಇರುವುದನ್ನು ಇದ್ದ ಹಾಗೆ ಹೇಳಿದಳು. ಅವನು ಯೋಚಿಸಿ ಹೇಳುತ್ತೇನೆ ಎಂದ. ಯೋಚನೆ ಮುಗಿದ ಸುದ್ದಿ ಬರಲೇ ಇಲ್ಲ. ಅಣ್ಣ ಸಿಟ್ಟಾಗಿದ್ದ, ಸ್ವಲ್ಪ ತಡೆದು ಹೇಳಬಹುದಿತ್ತು ಎಂದು. "ತಡದ್ರ ಕೈ ಗಟ್ಟಿ ಆಗ್ತಾವೇನು?" ಎಂದಳಂತೆ.

ನನ್ನ ಮುಂದೆ ಅವಳು ಅತ್ತದ್ದು ಒಂದೇ ಸಲ. ಅದು ಮದುವೆಗಲ್ಲ. ಒಂದು ರವಿವಾರ ನಾನು ಅಟ್ಟ ಹತ್ತಿ ಹೋದಾಗ ಮೌಸನ್ನು ಮಗುಚಿಟ್ಟುಕೊಂಡು ಹೊಟ್ಟೆಯೊಳಗಿನ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದಳು. ಎಲ್ಲ ತೆಗೆದ ಮೇಲೆ ಅಂಗೈ ಮೇಲಿಟ್ಟುಕೊಂಡು ಎಂದಿನ ಹಾಗೆ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದಲೇ ನೀರು ಬಂತು. "ಇನ್ನೂ ಭಾರ ಅದ," ಎಂದಳು.

ಹೊಸ ಮೌಸು ತಂದಳು. ಮೊದಲಿನದರ ಅರ್ಧದಷ್ಟು ತೂಕ. ಸೆನ್ಸಿಟಿವಿಟಿ ಏರಿಸಿದಳು, ತೋಳು ಆಡಿಸದೆ ಬರೀ ಮಣಿಕಟ್ಟು ತಿರುಗಿಸಿದರೆ ಸಾಕಾಗುವಷ್ಟು. ಆದರೆ ವರ್ಷಗಟ್ಟಲೆ ತೋಳು ಕಲಿತದ್ದು ಮಣಿಕಟ್ಟಿಗೆ ಗೊತ್ತಿರಲಿಲ್ಲ. ಗುರಿ ಹಾರುತ್ತಿತ್ತು, ನಡುಗುತ್ತಿತ್ತು, ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಸೋತಳು. ದಿನಾ ಸೋತಳು. ಜೊತೆಯವರು ಬೈದರು, ಹೆಡ್‌ಫೋನಿನಿಂದ ಆ ಬೈಗುಳವೂ ಸೋರಿ ನನ್ನ ಕಿವಿಗೆ ಬೀಳುತ್ತಿತ್ತು. ಸೊಲ್ಲಾಪುರದವನು ಕೂಡ, "ಏನಾಗೇತಿ ಭಾವು ನಿನಗ? ನಿದ್ದಿ ಮಾಡಾಕತ್ತೀ ಏನು?" ಎಂದು ರೇಗುತ್ತಿದ್ದ.

"ಅವಗರ ಹೇಳಬಾರದ?" ಎಂದೆ. "ಇಂಥಾದ್ದು ಅದ ಅಂತ."

"ಹೇಳಿದ್ರ ಬೈಯೂದು ಬಿಡ್ತಾನ."

"ಚಲೋ ಅಲ್ಲ ಅದು?"

"ಇಲ್ಲರಿ ಅಕ್ಕಾರ. ಕಾಲೇಜಿನ್ಯಾಗ ಎಲ್ಲಾರೂ ಈಗ ಮೆತ್ತಗ ಮಾತಾಡ್ತಾರ. ಕುರ್ಚಿ ಎಳದು ಕೊಡ್ತಾರ. ನನ್ನ ಖರೇಖರೇ ಬೈಯಾಕ ಉಳದಾಂವ ಇವನೊಬ್ಬನ."

ತಿಂಗಳುಗಳು ಹಿಡಿದವು. ಮೆಲ್ಲಗೆ ಕೈ ಕಲಿಯಿತು. ಒಂದು ಸಂಜೆ ಕಾಲೇಜಿನ ಗೇಟಿನಲ್ಲಿ ನನ್ನನ್ನು ಕಂಡು, ಗೋಡೆ ಹಿಡಿದು ನಡೆಯುತ್ತಲೇ ಹೇಳಿದಳು: "ತೋಳು ಹೋತು ಅಕ್ಕಾರ, ಹೋಗ್ಲಿ. ಮಣಿಕಟ್ಟಿನ್ಯಾಗ ಬಂತು." ಬೇರೆ ಯಾರಾದರೂ ಕೇಳಿದ್ದರೆ ಆಸ್ಪತ್ರೆಯ ಸುದ್ದಿ ಎಂದುಕೊಳ್ಳುತ್ತಿದ್ದರು. ಗೆದ್ದ ಸುದ್ದಿ ಅದು.

ಹಗ್ಗ ಹಿಡಿದು ಅಟ್ಟ ಹತ್ತುವುದು ಸಾಧ್ಯವಾಗದೆ ಹೋದಾಗ ಅಣ್ಣ ಬಂದು ಅವಳನ್ನು ಖಾನಾಪುರಕ್ಕೆ ಕರೆದುಕೊಂಡು ಹೋದ. ಕೆಲಸ ಬಿಟ್ಟಳು. ಮನೆ ಅಂಗಡಿಯ ಹಿಂದೆಯೇ. ಅವಳಿಗೆ ಕೊಟ್ಟದ್ದು ಬೀದಿಗೆ ಕಿಟಕಿ ಇದ್ದ ಕೋಣೆ. ನಾನು ಬಿಡುವಿದ್ದಾಗ ಬಸ್ಸು ಹಿಡಿದು ಹೋಗುತ್ತಿದ್ದೆ. ಅಣ್ಣ ಕೆಟ್ಟವನಲ್ಲ, ಮಾತು ಒರಟು. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳೊಂದಿಗೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೂಗಾಡಿ ಬಂದು ತಂಗಿಯ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬರಲಾಗದೆ ಒದ್ದಾಡುತ್ತಿದ್ದ. ವೈನಿ, ಅವನ ಹೆಂಡತಿ, ತಣ್ಣಗಿನ ಹೆಂಗಸು. ಎಲ್ಲ ಅವಳೇ ಮಾಡುತ್ತಿದ್ದಳು.

ಅಲ್ಲಿ ಒಂದು ದಿನ ನಡೆದದ್ದು ನನಗೆ ಮರೆಯುವುದಿಲ್ಲ. ಊಟದ ಹೊತ್ತು. ವೈನಿ ಅವಳಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಕೈಯೆತ್ತಿ ಬಾಯಿಗೆ ಒಯ್ಯುವುದು ಕಷ್ಟವಾಗಿತ್ತು ನಿಜ, ಆದರೆ ಮೊಣಕೈಗೆ ದಿಂಬು ಕೊಟ್ಟು ಮೆಲ್ಲಗೆ ಉಂಡರೆ ಉಣ್ಣಬಹುದಿತ್ತು. ಅವಳು ತನ್ನ ಕೈಯಿಂದ ಉಣ್ಣುವುದನ್ನು ಬಿಟ್ಟಿದ್ದಳು. ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುರ್ಚಿ ಸರಿಸಲು ಹೇಳಿದಳು. ಅಣ್ಣನಿಗೆ ತಡೆಯಲಾಗಲಿಲ್ಲ.

"ಉಣ್ಣಾಕ ಕೈ ಬರೂದಿಲ್ಲ, ಆಡಾಕ ಬರ್ತಾವು? ಅಕ್ಕಾರು ಅದಾರ, ಅವರ ಮುಂದನ ಕೇಳ್ತೀನಿ. ಇದ್ದಷ್ಟು ಶಕ್ತಿ ಎರಡು ತುತ್ತಿಗರ ಇಟಗೋಬಾರದ?"

ಅವಳು ತಿರುಗಿ ನೋಡಲಿಲ್ಲ. ಕುತ್ತಿಗೆ ಅಷ್ಟು ತಿರುಗುತ್ತಿರಲಿಲ್ಲ. ಪರದೆಯ ಕಡೆ ಮುಖ ಮಾಡಿಯೇ ಹೇಳಿದಳು:

"ಉಣಿಸಾಕ ವೈನಿ ಅದಾಳ ಅಣ್ಣಾ. ನನ್ನ ಬದ್ಲಿ ಆಡಾಕ ಯಾರದಾರ?"

ಅವನು ಅಂಗಡಿಗೆ ಹೋದ. ಮಧ್ಯಾಹ್ನವೆಲ್ಲ ಅವನು ಕಬ್ಬಿಣದ ಪಟ್ಟಿಗಳನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಎತ್ತಿಹಾಕುವ ಸದ್ದು ಕೇಳುತ್ತಿತ್ತು. ವೈನಿ ತಾಟು ತೊಳೆಯುತ್ತ ಕಣ್ಣೊರೆಸಿಕೊಂಡಳು. "ಆಡ್ಲಿ ಬಿಡ್ರಿ ಅಕ್ಕಾರ. ನಾ ಉಣಿಸಿದ್ರ ನನಗೇನ ಭಾರ ಆಗ್ತದ?" ಎಂದಳು.

ಮಣಿಕಟ್ಟೂ ಸೋತಿತು. ಈಗ ಅವಳಿಗೆ ಉಳಿದದ್ದು ಬೆರಳ ತುದಿಗಳು. ನನ್ನನ್ನೇ ಬೆಳಗಾವಿಯ ಅಂಗಡಿಗೆ ಕಳಿಸಿದಳು, ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಹಗುರವಾದದ್ದು ತರಬೇಕೆಂದು. ಮೈಯೆಲ್ಲ ತೂತು ಕೊರೆದ, ಜೇನುಹುಟ್ಟಿನಂಥ ಒಂದು ಮೌಸು ಸಿಕ್ಕಿತು. ನಾನು ಅಂಗಡಿಯಲ್ಲಿ ಅದನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಏನೂ ಇಟ್ಟಂತೆ ಅನಿಸಲಿಲ್ಲ. ಅದನ್ನು ತೆಗೆದುಕೊಂಡು ಹೋದೆ. ವೈನಿ ಅವಳ ಕೈಯನ್ನು ಎತ್ತಿ ಮೌಸಿನ ಮೇಲಿಟ್ಟಳು. ಇವಳು ಸೆನ್ಸಿಟಿವಿಟಿ ಎಷ್ಟು ಏರಬಹುದೋ ಅಷ್ಟು ಏರಿಸಿದಳು. ಬೆರಳು ಅಕ್ಕಿಕಾಳಿನಷ್ಟು ಸರಿದರೆ ಆಟದಲ್ಲಿ ಇಡೀ ಬೀದಿ ತಿರುಗುತ್ತಿತ್ತು. ಮತ್ತೆ ಸೋಲು, ಮತ್ತೆ ಬೈಗುಳ. ಈ ಸಲ ಕಲಿಯಲು ಮೊದಲಿಗಿಂತ ಹೆಚ್ಚು ಕಾಲ ಹಿಡಿಯಿತು. ಬೀದಿಯ ಕಿಟಕಿಗೆ ಬೆನ್ನು ಹಾಕಿ, ಉಸಿರು ಬಿಗಿಹಿಡಿದು, ಎರಡು ಬೆರಳು ಮಾತ್ರ ಜೀವಂತವಾಗಿರುವ ಆ ಹುಡುಗಿಯನ್ನು ನೋಡುವಾಗ ನನಗೆ ಒಮ್ಮೊಮ್ಮೆ ಎದ್ದು ಹೊರಗೆ ಹೋಗಬೇಕೆನಿಸುತ್ತಿತ್ತು. ಕೋಣೆಯಲ್ಲಿ ನಾನಿದ್ದೆ, ಅಡುಗೆಮನೆಯಲ್ಲಿ ವೈನಿ ಇದ್ದಳು, ಅಂಗಡಿಯಲ್ಲಿ ಅಣ್ಣನಿದ್ದ. ಆದರೂ ಅವಳು ಇದ್ದ ಜಾಗಕ್ಕೆ ನಮ್ಮಲ್ಲಿ ಯಾರಿಗೂ ಹೋಗಲು ಬರುತ್ತಿರಲಿಲ್ಲ.

ಹೋದ ಚಳಿಗಾಲದ ಕೊನೆಯಲ್ಲಿ ಅವಳ ಫೋನು ಬಂತು. ದನಿ ಸಣ್ಣದಾಗಿತ್ತು, ಆದರೆ ಗಡಿಬಿಡಿಯಲ್ಲಿದ್ದಳು.

"ಅಕ್ಕಾರ, ಅಂವ ಬರಾಕತ್ತಾನ. ಸೊಲ್ಲಾಪುರದಾಂವ. ಬೆಳಗಾವಿ ಆಟೋ ನಗರದಾಗ ಏನೋ ಮಶೀನಿನ ಭಾಗ ನೋಡಾಕ ಅವನ ಕಂಪನಿ ಕಳಿಸೇತಿ. ನಾಳೆ ಮಧ್ಯಾಹ್ನ ಸಾಂಬ್ರಾದಿಂದ ವಿಮಾನ. ಅದಕ್ಕೂ ಮೊದಲ ಭೇಟಿ ಆಗು, ಒಂದು ಕಪ್ ಚಹಾ ಕುಡಿಯೂಣು ಅಂತ ಬರದಾನ."

"ಹೇಳಿಬಿಡು ಇನ್ನರ."

"ಬ್ಯಾಡ. ನೀವು ಹೋಗ್ರಿ. ದೇಸೂರ ಭಾವುನ ಮಾವಶಿ ಅಂತ ಹೇಳ್ರಿ. ಭಾವುಗ ಆರಾಮಿಲ್ಲ ಅಂತ ಹೇಳ್ರಿ. ಮತ್ತ... ಹ್ಯಾಂಗದಾನ ನೋಡಿಕೊಂಡ ಬರ್ರಿ."

ಸಾಂಬ್ರಾದ ವಿಮಾನ ನಿಲ್ದಾಣದ ಹೊರಗೆ ಒಂದು ಚಹಾದ ಅಂಗಡಿಯ ಮುಂದೆ ಅವನು ನಿಂತಿದ್ದ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಮೂವತ್ತೈದರ ಆಸುಪಾಸು, ಮುಂದಲೆಯ ಕೂದಲು ತೆಳ್ಳಗಾಗಿದೆ, ಅಂಗಿಗೆ ಇಸ್ತ್ರಿ ಇಲ್ಲ. ಬರುವ ಒಂದೊಂದು ಮೋಟರ್‌ಸೈಕಲ್ಲನ್ನೂ ಆಸೆಯಿಂದ ನೋಡುತ್ತಿದ್ದ. ನಾನು ಹತ್ತಿರ ಹೋಗಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಹೇಳಿಕೊಂಡಾಗ ಅವನ ಮುಖ ಇಳಿಯಿತು. ಆದರೂ ಬಗ್ಗಿ ಕಾಲು ಮುಟ್ಟಿದ.

"ಭಾವು ಬರಲಿಲ್ಲೇನ್ರಿ?"

"ಮೈಯಾಗ ಆರಾಮಿಲ್ಲಪಾ. ಅದಕ್ಕ ನನ್ನ ಕಳಿಸಿದ್ರು."

"ಭಾಳ ಏನರ?"

"ಕೈ ನೋವು," ಎಂದೆ. ಅದಕ್ಕಿಂತ ಹತ್ತಿರದ ಸುಳ್ಳು ನನಗೆ ಸಿಗಲಿಲ್ಲ.

ಚಹಾ ತರಿಸಿದ. ಡಬ್ಬಿ ನನ್ನ ಕೈಗಿಟ್ಟ. "ಶೇಂಗಾ ಚಟ್ನಿರಿ. ನಮ್ಮವ್ವ ಕುಟ್ಟಿದ್ದು. ಭಾವುಗ ಕೊಡ್ರಿ." ಮಾತು ಅವನೇ ಶುರು ಮಾಡಿದ. ಹೈದರಾಬಾದಿನಲ್ಲಿ ಒಬ್ಬನೇ ಇರುತ್ತಾನಂತೆ. ಕೆಲಸ ಮುಗಿಸಿ ಕೋಣೆಗೆ ಬಂದರೆ ಮಾತಾಡುವುದು ಆಟದಲ್ಲಿ ಮಾತ್ರವಂತೆ. "ಭಾವು ಮಾತಾಡೂದಿಲ್ಲ ಖರೇ, ಆದ್ರ ಕೇಳಿಸ್ಕೋತಾನ. ಅದು ಗೊತ್ತಾಗ್ತದ್ರಿ." ಲೋಟ ಕೆಳಗಿಟ್ಟು ಸ್ವಲ್ಪ ಸಂಕೋಚದಿಂದ ನನ್ನ ಕಡೆ ತಿರುಗಿದ.

"ಮಾವಶಿ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಹೆಸರಿನ ಮ್ಯಾಲ ಮೂರು ಮಂದಿ ಆಡ್ತಾರ, ಹೌದಲ್ರಿ?"

"ಮೂರು ಮಂದಿ?"

"ಕೈ ಗೊತ್ತಾಗ್ತದ್ರಿ ನಮಗ. ಮೊದಲು ಒಬ್ಬಾಂವ ಇದ್ದ. ಸಾವಕಾಶ ತಿರುಗ್ತಿದ್ದ, ಆದ್ರ ಹೊಡದ್ರ ಒಂದೂ ತಪ್ಪತಿರಲಿಲ್ಲ. ಭಾರಿ ಕೈ. ಒಂದಿನ ಅಂವ ಹ್ವಾದ, ಬ್ಯಾರೆಯಾಂವ ಬಂದ. ನಡುಗೂ ಕೈ. ನಾ ಭಾಳ ಬೈದೆ ಅವಗ. ಆಮ್ಯಾಲ ಅವನೂ ತಯಾರಾದ. ಈಗ ಇರೂದು ಮೂರನೆಯಾಂವ. ಸೂಜಿಯಂಥಾ ಕೈ. ಅಣ್ಣತಮ್ಮರೇನ್ರಿ?"

ಅವಳನ್ನು ಕಣ್ಣಿಂದ ನೋಡದ, ದನಿ ಕೇಳದ ಈ ಮನುಷ್ಯ ಅವಳ ರೋಗದ ಒಂದೊಂದು ಮೆಟ್ಟಿಲನ್ನೂ ಕಂಡಿದ್ದ. ಕಂಡು, ಮೂರು ಮಂದಿ ಎಂದು ಲೆಕ್ಕ ಹಿಡಿದಿದ್ದ.

"ಒಂದ ಮನಿಯವರು," ಎಂದೆ. ಆಮೇಲೆ ಕೇಳದೆ ಇರಲಾಗಲಿಲ್ಲ. "ಮೂವರೊಳಗ ನಿನಗ ಯಾರು ಸೇರ್ತಾರಪಾ?"

ಅವನು ಯೋಚಿಸಿದ. ಒಳಗೆ ವಿಮಾನದ ಘೋಷಣೆಯಾಗುತ್ತಿತ್ತು.

"ಮೊದಲಿನಾಂವ ಎಲ್ಲಾರಿಗಿಂತ ಚಲೋ ಆಡ್ತಿದ್ದ. ಆದ್ರ ಮುಂದ ಮುಂದ ಒಬ್ಬನ ಹೋಗಿಬಿಡ್ತಿದ್ದ. ಈಗಿನಾಂವ ಹಂಗಲ್ರಿ. ನನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ. ಈಗಿನಾಂವನ ಸೇರ್ತಾನ."

ಹೋಗುವಾಗ ಅವನು ಎರಡು ಸಲ ತಿರುಗಿ ಕೈಬೀಸಿದ, ನನ್ನ ಹಿಂದೆ ಇನ್ನೂ ಯಾರಾದರೂ ಬಂದಾರೇನೋ ಎಂಬಂತೆ.

ಅಲ್ಲಿಂದಲೇ ನೇರ ಖಾನಾಪುರಕ್ಕೆ ಹೋದೆ. ಅವಳು ಕುರ್ಚಿಯಲ್ಲಿ ಕಾಯುತ್ತಿದ್ದಳು. ವೈನಿಯಿಂದ ತಲೆ ಬಾಚಿಸಿಕೊಂಡಿದ್ದಳು. ಒಂದೊಂದೂ ಕೇಳಿದಳು. ಎತ್ತರವೋ ಗಿಡ್ಡನೋ, ಕನ್ನಡ ಹೇಗೆ ಮಾತಾಡುತ್ತಾನೆ, ಚಹಾಕ್ಕೆ ಸಕ್ಕರೆ ಎಷ್ಟು. ಮೂರು ಮಂದಿಯ ಮಾತು ಹೇಳಿದೆ. ನಕ್ಕಳು. ನಗಲು ಬೇಕಾದಷ್ಟು ಉಸಿರು ಅವಳಲ್ಲಿರಲಿಲ್ಲ, ಆದರೂ ನಕ್ಕಳು. ವೈನಿ ಗಾಬರಿಯಾಗಿ ಬಂದು ಬೆನ್ನು ಸವರಿದಳು.

"ಯಾರು ಸೇರ್ತಾರಂತ?"

"ಈಗಿನಾಂವ. ತನ್ನ ಬಿಟ್ಟು ಎಲ್ಲೂ ಹೋಗೂದಿಲ್ಲಂತ."

"ಹೋಗಾಕ ಆಗೂದಿಲ್ಲಲ್ರಿ ನನಗ," ಎಂದಳು. ಆದರೆ ಮುಖ ಬೇರೆಯಾಗಿತ್ತು. ಬಹಳ ಹೊತ್ತು ಬೀದಿಯ ಸದ್ದು ಕೇಳುತ್ತ ಕುಳಿತಳು. ಹೊರಗೆ ಅಣ್ಣ ಅಂಗಡಿಯ ಶಟರ್ ಎಳೆದು ಒಳಬಂದ. ಎಂದಿನ ಹಾಗೆ ಬಾಗಿಲಲ್ಲಿ ನಿಂತ.

"ಅಣ್ಣಾ," ಎಂದಳು, "ಆ ಮೈಕು ಬಾಯಿ ಹತ್ರ ಸರಸು. ಕೈ ಎತ್ತಿ ಮೌಸಿನ ಮ್ಯಾಲ ಇಡು."

ಅವನು ಅದನ್ನು ಹಿಂದೆ ಮಾಡಿರಲಿಲ್ಲ. ಮೊಳೆ, ಸರಳು ಹಿಡಿದು ಒರಟಾದ ಕೈ. ತಂಗಿಯ ಕೈಯನ್ನು ಎರಡೂ ಅಂಗೈಯಲ್ಲಿ ಎತ್ತಿ ಇಟ್ಟ. ಬೆರಳು ಸರಿಯಾಗಿ ಕುಳಿತವೇ ಎಂದು ಬಗ್ಗಿ ನೋಡಿದ. ನಿಂತೇ ಇದ್ದ.

ಸೊಲ್ಲಾಪುರದವನು ಅಷ್ಟರಲ್ಲಿ ಹೈದರಾಬಾದಿನ ತನ್ನ ಕೋಣೆ ಮುಟ್ಟಿದ್ದ. ಅವಳು ಹೆಡ್‌ಫೋನು ಬೇಡವೆಂದು ತೆಗೆಸಿದ್ದರಿಂದ ಅವನ ದನಿ ಕೋಣೆಯ ತುಂಬ ಬಂತು. "ದೇಸೂರ ಭಾವು! ಆರಾಮಾತೇನು? ಮಾವಶಿ ಭೇಟಿ ಆದ್ರು."

"ಭಾವು ಅಲ್ಲ," ಎಂದಳು. "ನಾ ದೇಸೂರ."

ಅತ್ತ ಕಡೆ ಕುರ್ಚಿ ಸರಿದ ಸದ್ದಾಯಿತು.

"ಯಾರು?"

"ದೇಸೂರ. ಮೂರು ಮಂದಿ ಇಲ್ಲ. ಮೂವರೂ ನಾನ. ಕೈ ಸೋಲಾಕತ್ತಾವ, ಅದಕ್ಕ ಬ್ಯಾರೆ ಬ್ಯಾರೆ ಕಾಣಸ್ತದ."

ಆಟ ಶುರುವಾಗಿಬಿಟ್ಟಿತ್ತು. ಪರದೆಯ ಮೇಲೆ ಇಬ್ಬರೂ ಒಂದು ಗೋಡೆಯ ಮರೆಯಲ್ಲಿ ಸುಮ್ಮನೆ ನಿಂತಿದ್ದರು. ಜೊತೆಯವರು ಮುಂದೆ ಓಡಿಹೋದರು. ಅವನು ಯಾವಾಗಿನಿಂದ ಎಂದು ಕೇಳಿದ. ಹೇಳಿದಳು. ತಾನು ಬೈದದ್ದೆಲ್ಲ ಕೇಳಿಸುತ್ತಿತ್ತೇ ಎಂದ. ಎಲ್ಲ ಕೇಳಿಸುತ್ತಿತ್ತು, ಇನ್ನು ಮುಂದೆಯೂ ಬೈಯಬೇಕು ಎಂದಳು. ಅವನು ಮಾತು ತಿರುಗಿಸಿ, "ಚಟ್ನಿ ಮುಟ್ಟಿತೇನು?" ಎಂದ.

"ಮುಟ್ಟಿತು. ವೈನಿ ತಿನ್ನಿಸಿದ್ಲು. ಉಪ್ಪು ಕಡಿಮಿ ಆಗೇತಿ."

"ನಮ್ಮವ್ವನ ಚಟ್ನಿಗೆ ಯಾರೂ ಹಂಗಂದಿಲ್ಲ ಇನ್ನೂತನಕ!"

ಯಾರೋ ಹಿಂದಿನಿಂದ ಬಂದು ಇಬ್ಬರನ್ನೂ ಹೊಡೆದುಹಾಕಿದರು. ಪರದೆ ಕೆಂಪಾಯಿತು. ಅವನು ಜೋರಾಗಿ ಬೈದ, ಅವಳನ್ನೇ. ಅವಳು ಕಣ್ಣು ಮುಚ್ಚಿ, ಕುರ್ಚಿಗೆ ತಲೆಯಾನಿಸಿ ನನಗೆ ಹೇಳಿದಳು: "ಸೋತ್ವಿ ಅಕ್ಕಾರ. ಮಾತು ಭಾಳ ಆತು."

ಮಳೆ ಹಿಡಿದ ಮೇಲೆ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ಉಗುಳಿ ಹಾಕುವ ಶಕ್ತಿ ಇರಲಿಲ್ಲ. ಸುದ್ದಿಯನ್ನು ಹೈದರಾಬಾದಿಗೆ ಮೊದಲು ತಿಳಿಸಿದ್ದು ಅಣ್ಣನೇ, ನನಗೆ ಆಮೇಲೆ. ಮಣ್ಣು ಮಾಡಿ ಬಂದು, ಅಂಗಳದಲ್ಲಿ ಒದ್ದೆಯಾಗಿ ಕುಳಿತಿದ್ದ ಅಣ್ಣನ ಬಾಜು ನಾನೂ ಕುಳಿತೆ.

"ಆವತ್ತಿಂದ ದಿನಾ ಮಾತಾಡ್ಕೊಂಡ ಆಡ್ತಿದ್ರು ಅಕ್ಕಾರ," ಎಂದ ಅವನು. "ನಾ ಬಾಜೂ ಕುಂತು ನೋಡ್ತಿದ್ದೆ. ಒಂದೂ ಗೆಲ್ಲಲಿಲ್ಲ."